ಬೀಳುವ ಮೊದಲೇ ಕೂತವಳು

ಸಮವಸ್ತ್ರ ಹೊಲಿಯುವ ಆ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಇಸ್ತ್ರಿ ಅಕ್ಕ ಎಂದು. ಹೊಲಿದು ಬಂದ ಅಂಗಿಗಳನ್ನು ಹಬೆಯ ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿ ಮಡಚುವುದು ಅವಳ ಕೆಲಸ. ದಿನವಿಡೀ ನಿಂತೇ ಮಾಡಬೇಕು. ಬೇಸಿಗೆ ಏರುತ್ತಿದ್ದಂತೆ ಅವಳಿಗೆ ತೊಂದರೆ ಶುರುವಾಯಿತು. ಮೊದಲು ಆಕಳಿಕೆ, ಆಮೇಲೆ ಹೊಟ್ಟೆ ತೊಳಸುವುದು, ಅಂಗೈ ಬೆವರುವುದು, ಕಿವಿಯೊಳಗೆ ಗುಂಯ್ ಎನ್ನುವುದು. ಆಗ ಅವಳು ಇಸ್ತ್ರಿಪೆಟ್ಟಿಗೆಯನ್ನು ಜೋಪಾನವಾಗಿ ಪಕ್ಕಕ್ಕಿಟ್ಟು, ಗೋಡೆಗೊರಗಿ ಕೂತುಬಿಡುತ್ತಿದ್ದಳು. ಸ್ವಲ್ಪ ಹೊತ್ತು ಕರೆದರೂ ಓಗೊಡುತ್ತಿರಲಿಲ್ಲ.

ಅನುಮಾನ ಹುಟ್ಟಿದ್ದೇ ಆ ಜೋಪಾನದಿಂದ.

"ಜ್ಞಾನ ತಪ್ಪೋರು ಧೊಪ್ ಅಂತ ಬೀಳ್ತಾರೆ ಕಣಮ್ಮ," ಎಂದ ಸೂಪರ್‌ವೈಸರ್. "ನೀನು ಗೋಡೆ ಇರೋ ಜಾಗ ನೋಡ್ಕೊಂಡು ಬೀಳ್ತೀಯಲ್ಲ! ಇನ್ನೊಂದ್ಸಲ ಕೂತ್ರೆ ಮನೇಲೇ ಕೂತ್ಕೋ."

ಬಿದ್ದವರದ್ದು ನಿಜ, ಕೂತವರದ್ದು ನಾಟಕ. ಶೆಡ್ಡಿನಲ್ಲಿ ಎಲ್ಲರೂ ಒಪ್ಪಿದ ನಿಯಮ ಅದು. ಅಲ್ಲೇ ಕಟಿಂಗ್ ಮಾಸ್ಟರ್ ಆಗಿದ್ದ ಅವಳ ಗಂಡನೂ ಒಪ್ಪಿದ್ದ.

"ನಿಜ ಹೇಳು, ಕೆಲಸ ಬಿಡೋಕೆ ನೆಪ ತಾನೆ?" ಎಂದು ಮನೆಯಲ್ಲಿ ಕೇಳಿದ.

"ನೆಪಕ್ಕೇನು ಬರಗಾಲವಾ? ನಿಮ್ಮನ್ನ ಸಂಭಾಳಿಸೋದೊಂದೇ ಸಾಲ್ದಾ?"

ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಏನೋ ಬಿದ್ದ ಸದ್ದಾಯಿತು. ಮೂತ್ರಕ್ಕೆಂದು ಹೋದ ಗಂಡ ನೆಲದ ಮೇಲಿದ್ದ. ಹುಬ್ಬು ಸೀಳಿ ರಕ್ತ ಇಳಿಯುತ್ತಿತ್ತು. ಅವಳು ಮೊದಲು ಮಾಡಿದ ಕೆಲಸ, ಅವನ ಬಾಯಿಯ ಹತ್ತಿರ ಮೂಗು ತಂದು ಮೂಸಿದ್ದು. ಹೆಂಡದ ವಾಸನೆಯಿರಲಿಲ್ಲ.

"ತಲೆ ಸುತ್ತಿತ್ತಾ? ಬೆವರು ಬಂತಾ?"

"ಏನೂ ಇಲ್ಲ ಕಣೆ. ನಿಂತಿದ್ದೆ. ಕಣ್ಣು ಬಿಟ್ರೆ ನೆಲ."

"ಏನೂ ಇಲ್ದೆ ಯಾರಾದ್ರೂ ಬೀಳ್ತಾರಾ? ಏನು ಮುಚ್ಚಿಡ್ತಿದ್ದೀರಿ?"

ಹುಬ್ಬಿಗೆ ಹೊಲಿಗೆ ಹಾಕಿದ ಡಾಕ್ಟರಮ್ಮ ಇಬ್ಬರ ಕಥೆಯನ್ನೂ ಕೇಳಿಸಿಕೊಂಡರು.

"ಬೀಳೋ ಮುಂಚೆ ವಾಕರಿಕೆ, ಬೆವರು, ಎದೆ ಡವಡವ ಅನ್ನೋದು ಹೆಂಗಸರಲ್ಲಿ ಜಾಸ್ತಿ. ಸೆಕೆಯಲ್ಲಿ ತುಂಬ ಹೊತ್ತು ನಿಂತ್ರೆ ಹಾಗಾಗುತ್ತೆ. ಗಂಡಸರಲ್ಲಿ ಎಷ್ಟೋ ಜನಕ್ಕೆ ಸೂಚನೇನೇ ಸಿಗಲ್ಲ. ಮೂತ್ರ ಮಾಡುವಾಗಲೋ ಜೋರಾಗಿ ಕೆಮ್ಮುವಾಗಲೋ ಬಿದ್ದುಬಿಡ್ತಾರೆ. ಎಲ್ಲರಿಗೂ ಹೀಗೇ ಅಂತಲ್ಲ." ಅವಳತ್ತ ತಿರುಗಿ, "ನೀವು ಕೂರೋದು ಸರಿ. ಕಾಲು ಎತ್ತರಕ್ಕಿಟ್ಟು ಮಲಗಿದ್ರೆ ಇನ್ನೂ ಒಳ್ಳೇದು. ರಕ್ತ ಪರೀಕ್ಷೆ ಮಾಡಿಸೋಣ," ಎಂದರು. ಆಮೇಲೆ ಗಂಡನನ್ನು ನೋಡಿದರು. "ನನಗೆ ಅನುಮಾನ ಇರೋದು ನಿಮ್ಮ ಮೇಲೆ. ಸೂಚನೆ ಇಲ್ದೆ ಬಿದ್ದವರ ಹೃದಯ ನೋಡ್ಲೇಬೇಕು."

ಹೃದಯದ ಪರೀಕ್ಷೆಗೆ ದಿನ ಗೊತ್ತಾಯಿತು. ಅದಕ್ಕೂ ಮೊದಲೇ ಇಬ್ಬರೂ ಕೆಲಸಕ್ಕೆ ಮರಳಿದರು. ಹುಬ್ಬಿಗೇನಾಯಿತೆಂದು ಕೇಳಿದ ಸೂಪರ್‌ವೈಸರ್‌ಗೆ ಗಂಡ ತಾನು ಬಿದ್ದದ್ದನ್ನೂ ಹೃದಯದ ಪರೀಕ್ಷೆಯ ವಿಷಯವನ್ನೂ ಹೇಳಿದ.

ಮಧ್ಯಾಹ್ನ ಅವಳಿಗೆ ಆಕಳಿಕೆ ಬಂತು. ಸೂಪರ್‌ವೈಸರ್ ನೋಡುತ್ತಿದ್ದ. ಕೂತರೆ ಕೆಲಸ ಹೋಗುತ್ತದೆ. ಅವಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು ನಿಂತಳು.

ಗಂಡ ಕತ್ತರಿಸುವ ಮೆಷಿನ್ ನಿಲ್ಲಿಸಿ ಓಡಿ ಬಂದ. "ಕೂತ್ಕೊಳ್ಳೇ!"

"ಗಂಡ ಹೆಂಡ್ತಿ ಚೆನ್ನಾಗಿ ಮಾತಾಡ್ಕೊಂಡು ಬಂದಿದ್ದೀರ," ಎಂದ ಸೂಪರ್‌ವೈಸರ್.

"ಅವಳ ಹಣೆ ಮುಟ್ಟಿ ನೋಡಿ ಸಾರ್. ಆಮೇಲೆ ಬೈಯಿರಿ."

ಸೂಪರ್‌ವೈಸರ್ ಬೆರಳ ಹಿಂಬದಿಯಿಂದ ಮುಟ್ಟಿದ. ಅಷ್ಟು ಹಬೆಯ ನಡುವೆಯೂ ಹಣೆ ತಣ್ಣಗೆ ಒದ್ದೆಯಾಗಿತ್ತು. ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಕೂತ್ಕೊಳಮ್ಮ," ಎಂದ. "ನಾಳೆಯಿಂದ ಮೇಜಿನ ಹತ್ರ ಒಂದು ಸ್ಟೂಲ್ ಇಟ್ಕೋ."

ಆಮೇಲೆ ಕಟಿಂಗ್ ಮಾಸ್ಟರನ ಹುಬ್ಬಿನ ಹೊಲಿಗೆಯನ್ನೂ ಆಚೆ ನಿಂತಿದ್ದ ಮೆಷಿನ್ನಿನ ಬ್ಲೇಡನ್ನೂ ಒಂದಾದ ಮೇಲೊಂದರಂತೆ ನೋಡಿದ.

"ನೀನು ಅದನ್ನ ಮುಟ್ಟಬೇಡ. ರಿಪೋರ್ಟ್ ಬರೋವರೆಗೂ ಬಟನ್ ಹಾಕ್ತಾ ಕೂತ್ಕೋ, ಇವಳ ಪಕ್ಕದಲ್ಲಿ."