ಸ್ಟುಡಿಯೋದ ಕೆಂಪು ದೀಪ

ದಿಲ್ಲಿ ರೇಡಿಯೋದ ಕನ್ನಡ ಕಾರ್ಯಕ್ರಮದಲ್ಲಿ ಬಿಸಿಬೇಳೆಬಾತ್ ಮಾಡುವ ಬಗೆ ಹೇಳಲು ಹೋಗಿದ್ದೆ. ಕಿದ್ವಾಯಿ ನಗರದ ನಮ್ಮ ಪಕ್ಕದ ಮನೆಯ ಸರೋಜಳೂ ಜೊತೆಗಿದ್ದಳು. ಗಾಜಿನಾಚೆ ಕಂಪ್ಯೂಟರ್ ಮುಂದೆ ಕೂತಿದ್ದ ಭಯ್ಯಾಗೆ ಕನ್ನಡ ಬಾರದು. "ದೀಪ ನೋಡಿ ಮಾತಾಡಿ, ಮಾತಾಜಿ" ಅಂತ ಹಿಂದಿಯಲ್ಲಿ ಹೇಳಿದ.

ಮೂವತ್ತು ವರ್ಷ ದಿಲ್ಲಿಯ ರಸ್ತೆ ದಾಟಿದವಳು ನಾನು. ಕೆಂಪು ಅಂದರೆ ನಿಲ್ಲು ಅಂತಲೇ ತಿಳಿದೆ. ದೀಪ ಹತ್ತುವ ಮೊದಲೇ ಬೇಳೆ ತೊಳೆದು ಹುಣಸೆ ನೆನೆಸುವವರೆಗೂ ಹೇಳಿಬಿಟ್ಟೆ. ಕೆಂಪು ಹತ್ತಿತು. ಅಡುಗೆ ನಿಲ್ಲಿಸಿ ಸರೋಜಳ ಕಡೆ ತಿರುಗಿದೆ: "ನಮ್ಮ ಬೀದಿಯ ಪದ್ಮಾಳ ಮಗಳು ಕೋಚಿಂಗ್ ನೆಪದಲ್ಲಿ ಮೇಷ್ಟರ ಸ್ಕೂಟರ್ ಹತ್ತುತ್ತಾಳಂತೆ ಕಣೆ!"

ಭಯ್ಯಾ ಹೆಬ್ಬೆರಳೆತ್ತಿದ. "ಬಹುತ್ ಅಚ್ಛಾ! ರೆಕಾರ್ಡ್ ಆಯಿತು. ಭಾನುವಾರ ಹಾಕುತ್ತೇವೆ."

ಕೆಂಪು ಹತ್ತಿದರೆ ರೆಕಾರ್ಡಿಂಗ್ ಶುರು ಅಂತ ಆಗ ಹೊಳೆಯಿತು. ತಪ್ಪದೆ ಕೇಳು ಅಂತ ಪದ್ಮಾಳಿಗೆ ಹೇಳಿ ಬಂದವಳೇ ನಾನು! ಗಾಜು ಬಡಿದು ಅಳಿಸಿಬಿಡು ಅಂತ ಅಂಗಲಾಚಿದೆ: "ಮಿಟಾ ದೋ ಭಯ್ಯಾ!"

"ಯಾಕೆ ಮಾತಾಜಿ? ದನಿ ಎಷ್ಟು ರುಚಿಯಾಗಿ ಬಂದಿದೆ!"

ನನ್ನೆದುರೇ ಅದನ್ನು ಅಳಿಸುವಂತೆ ಮಾಡಿ, ಈ ಸಲ ಕೆಂಪು ಹತ್ತಿದ ಮೇಲೆ ಮತ್ತೆ ಬೇಳೆ ಬೇಯಿಸಿ ಬಂದೆ.

ಬಸ್ಸು ಹತ್ತಿದ ಮೇಲೆ ಸರೋಜ ಮೆಲ್ಲಗೆ ಕೇಳಿದಳು: "ಯಾವ ಮೇಷ್ಟರು ಕಣೆ?"

ಭಯ್ಯಾ ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿದ, ಸರಿ. ಇವಳ ತಲೆಯಲ್ಲಿರುವುದನ್ನು ಅಳಿಸುವ ಗುಂಡಿ ಯಾವ ಸ್ಟುಡಿಯೋದಲ್ಲಿದೆ?