ಎರಡು ಛಾವಣಿ, ಒಂದು ಗರಗಸ

ಮೊದಲು ಹಿಮ ಬೀಳುತ್ತದೆ, ನವೆಂಬರ್ ಮುಗಿಯುವ ಹೊತ್ತಿಗೆ. ಅನಂತರ ರಸ್ತೆ ಮುಚ್ಚುತ್ತದೆ. ಜನವರಿಯಲ್ಲಿ ಛಾವಣಿಗಳ ಮೇಲೆ ಹಿಮ ಎದೆಮಟ್ಟಕ್ಕೆ ಏರುತ್ತದೆ. ಫೆಬ್ರವರಿಯಲ್ಲಿ ತನ್ನದೇ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಮಾರ್ಚ್‌ನಲ್ಲಿ ಅದರ ಮೇಲೆ ಮಳೆ ಸುರಿಯುತ್ತದೆ. ಅಮೆರಿಕದ ಮೊಂಟಾನಾದ ಬೆಟ್ಟಗಳಲ್ಲಿ ಹಳೆಯ ಮರದ ತಂಗುಮನೆಗಳು ಕುಸಿಯುವುದು ಈ ಕೊನೆಯ ಹಂತದಲ್ಲಿ. ನೀರು ಕುಡಿದ ಹಿಮದ ಭಾರವನ್ನು ಹಳೆಯ ತೊಲೆಗಳು ತಾಳುವುದಿಲ್ಲ.

ಇದು ಫೆಬ್ರವರಿಯ ಕೊನೆಯ ವಾರ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸೋಪ್ ಕ್ರೀಕ್ ತಂಗುಮನೆಯ ಸಭಾಂಗಣದ ಮೇಲೆ, ಸೊಂಟಕ್ಕೆ ಹಗ್ಗ ಬಿಗಿದುಕೊಂಡ ಆಲ್ಟಾ ಬ್ರೆಕ್ಕೆ ಉದ್ದನೆಯ ಗರಗಸದಿಂದ ಹಿಮ ಕೊಯ್ಯುತ್ತಿದ್ದಾರೆ. ಬದಿಗಳನ್ನು ಕೊಯ್ದು, ತಳಕ್ಕೆ ಸಲಿಕೆ ತೂರಿಸಿ ಮೀಟಿದರೆ ಪೆಟ್ಟಿಗೆಯಷ್ಟು ದೊಡ್ಡ ತುಂಡು ಜಾರಿ ಅಂಗಳಕ್ಕೆ ಬೀಳುತ್ತದೆ. ಬಿಸಿಲೇರಿದರೆ ಹಿಮ ಮೆತ್ತಗಾಗಿ ತುಂಡಾಗಿ ನಿಲ್ಲುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಮುಂಜಾವೇ ಬೇಕು. ದಕ್ಷಿಣದ ಇಳಿಜಾರಿನಿಂದ ಒಂದು ಸಾಲು ಕೆಡವಿದ ಮೇಲೆ ಛಾವಣಿಯ ನೆತ್ತಿ ದಾಟಿ ಉತ್ತರದಿಂದ ಒಂದು ಸಾಲು. ಎರಡೂ ಬದಿಯ ಭಾರ ಒಟ್ಟೊಟ್ಟಿಗೆ ಇಳಿಯಬೇಕು, ಇಲ್ಲವಾದರೆ ತೊಲೆ ಒಂದು ಕಡೆಗೆ ಜರುಗುತ್ತದೆ.

ಕೆಳಗೆ ಕಂಬಳಿ ಹೊದ್ದು ಕುಳಿತಿರುವವರು ಅವರ ಪತಿ ಮರ್ಲ್. ಚಳಿಗಾಲವಿಡೀ ಈ ಮನೆ ಕಾಯುವವರು ಇವರಿಬ್ಬರೇ. ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ ಅವರು ಏಣಿ ಹತ್ತುವಂತಿಲ್ಲ.

“ಏನೇ, ಅದು ಸಾಲೋ ಹಾವೋ? ನೆಟ್ಟಗೆ ಕೊಯ್ಯೇ!”

“ಮೇಲೆ ಬಂದು ತೋರ್ಸು, ನೋಡ್ತೀನಿ.”

“ಡಾಕ್ಟ್ರು ಬೇಡ ಅಂದಿದಾರೆ, ನಂದೇನು ತಪ್ಪು?”

“ನಿನ್ನ ಬಾಯಿಗೂ ಒಂದು ಪಥ್ಯ ಹೇಳಿದ್ರೆ ಚೆನ್ನಾಗಿರ್ತಿತ್ತು.”

ರೈಲಿನಿಂದಿಳಿದು ಕುದುರೆಗಾಡಿಯಲ್ಲಿ ಬರುತ್ತಿದ್ದ ಪ್ರವಾಸಿಗರಿಗಾಗಿ ಈ ಮನೆ 1908ರಲ್ಲಿ ಎದ್ದಿತು. ಅವರಿಗೆ ಕಲ್ಲಿನ ಅಗ್ಗಿಷ್ಟಿಕೆಯಿರುವ ಸಭಾಂಗಣ. ಅವರನ್ನು ಕರೆತಂದವರಿಗೆ, ಅಡುಗೆಯವರಿಗೆ, ಬಟ್ಟೆ ಒಗೆಯುವವರಿಗೆ ಹಿಂದೊಂದು ಸಾಲುಮನೆ. ಗಾಡಿಗಳು ನಿಂತುಹೋಗಿ ಎಷ್ಟೋ ಕಾಲವಾದರೂ ಅದು ‘ಗಾಡಿಯವರ ಸಾಲು’ ಎಂದೇ ಉಳಿದಿದೆ. ಇಲ್ಲಿ ಮಾರುವ ಚಿತ್ರಗಳಲ್ಲಿ ಸಭಾಂಗಣ ಮಾತ್ರ ಇರುತ್ತದೆ. ಆಲ್ಟಾ ಅವರ ಅಜ್ಜಿ ಅತಿಥಿಗಳ ಹಾಸುಹೊದಿಕೆ ಒಗೆಯುತ್ತ ಆ ಸಾಲಿನ ಕೊನೆಯ ಕೋಣೆಯಲ್ಲಿ ಬದುಕಿದವರು. ತಾಯಿ ಹುಟ್ಟಿದ್ದೂ ಅಲ್ಲಿಯೇ.

ಕಳೆದ ಚಳಿಗಾಲ ಆಲ್ಟಾ ಮೊದಲ ಬಾರಿಗೆ ಒಬ್ಬರೇ ಮೇಲೇರಿದರು. ಸಭಾಂಗಣದ ದಕ್ಷಿಣ ಬದಿಯನ್ನಷ್ಟೇ ಬರಿದು ಮಾಡಿದ್ದಾಗ ಸಾಲುಮನೆಯ ತೊಲೆ ಕರಕರ ಎಂದಿತು. ಅದನ್ನು ಉಳಿಸಲು ಓಡಿದರು. ಮರಳಿ ಬರುವಷ್ಟರಲ್ಲಿ ಉತ್ತರದ ಹಿಮ ಸಭಾಂಗಣದ ನೆತ್ತಿಯ ತೊಲೆಯನ್ನು ಒಂದು ಗೇಣು ದೂಡಿತ್ತು.

ಶರತ್ಕಾಲದಲ್ಲಿ ಮನೆಯ ಒಡತಿ ಕೊರಿನ್ ಟಾಸ್ಕರ್ ಬಂದು ಕುಳಿತರು. “ಇಬ್ರು ಮಾಡೋ ಕೆಲ್ಸ ಆಲ್ಟಾ, ಒಬ್ರ ಕೈಲಾಗಲ್ಲ. ಇನ್ನೊಬ್ರನ್ನ ಹುಡುಕಿ ಸಾಕಾಯ್ತು. ಚಳಿಗಾಲ ಪೂರ್ತಿ ಇಲ್ಲಿರೋಕೆ ಯಾರೂ ಒಪ್ತಿಲ್ಲ. ಎರಡ್ರಲ್ಲಿ ಯಾವ್ದನ್ನ ಬಿಡೋದು, ನೀವೇ ಹೇಳಿ.”

“ಸಾಲುಮನೆ ಅಂತ ಹೇಳ್ದೆ,” ಎನ್ನುತ್ತಾರೆ ಆಲ್ಟಾ. “ಸಭಾಂಗಣ ಇಲ್ದಿದ್ರೆ ಬೇಸಿಗೇಲಿ ಯಾರು ಬರ್ತಾರೆ? ನಮ್ಮಜ್ಜಿ ಕೋಣೆ ನೋಡೋಕೆ ಬರ್ತಾರಾ?”

ಈ ಚಳಿಗಾಲ ಗಾಡಿಯವರ ಸಾಲಿಗೆ ಗರಗಸ ತಾಗಿಲ್ಲ. ಅದರ ಬಾಗಿಲುಗಳು ಚೌಕಟ್ಟಿನಲ್ಲಿ ಕಚ್ಚಿಕೊಂಡಿವೆ, ನೆತ್ತಿ ನಡುವಿನಲ್ಲಿ ಬಾಗಿದೆ. ಆಲ್ಟಾ ಏಣಿ ತರಲು ದಿನವೂ ಅದರ ಮುಂದೆಯೇ ಹಾದುಹೋಗುತ್ತಾರೆ.

ಕಾಫಿಯ ಹೊತ್ತಿನಲ್ಲಿ ಮರ್ಲ್ ದನಿ ತಗ್ಗಿಸುತ್ತಾರೆ. “ಒಂದ್ ಬೆಳಿಗ್ಗೆ ಹೋಗಿ ಬಾರೇ. ಆ ಕೊನೇ ಕೋಣೆ ಮೇಲಿಂದಷ್ಟೇ ಇಳ್ಸು.”

“ಹೋದ ವರ್ಷಾನೂ ಹಂಗಂದ್ಕೊಂಡೇ ಹೋಗಿದ್ದು.”

ಆಲ್ಟಾ ಕಾಫಿಯ ಲೋಟ ಕೆಳಗಿಟ್ಟು ಮುಂದುವರಿಸುತ್ತಾರೆ. “ಬೀಳೋವಾಗ ನಾನು ಹತ್ರ ಇದ್ರೆ ಸಾಕು. ಯಾರಿಗೂ ಗೊತ್ತಾಗ್ದೆ ಬಿದ್ದು ಹೋಗ್ಬಾರ್ದು.”

ಮಾರ್ಚ್ ಒಂಬತ್ತರ ಮುಂಜಾನೆ ಮಳೆ ಹಿಡಿಯುತ್ತದೆ. ಸಭಾಂಗಣದ ಮೇಲೆ ಉತ್ತರದಲ್ಲಿ ಹಿಮದ ಒಂದೇ ಸಾಲು ಉಳಿದಿದೆ, ಆಲ್ಟಾ ಅಲ್ಲಿದ್ದಾರೆ. ಗಾಡಿಯವರ ಸಾಲು ಕೊನೆಯ ಕೋಣೆಯಿಂದ ಮೊದಲ್ಗೊಂಡು ಕುಸಿಯುತ್ತದೆ. ಅವರು ಗರಗಸ ನಿಲ್ಲಿಸಿ, ಸದ್ದು ಅಡಗುವವರೆಗೆ ಅತ್ತಲೇ ನೋಡುತ್ತಾರೆ. ಆಮೇಲೆ ಆಲ್ಟಾ ಉಳಿದ ಹಿಮದ ಸಾಲನ್ನು ಕೊಯ್ದು ಮುಗಿಸುತ್ತಾರೆ.

ಸಂಜೆ ಒಳಗಿನಿಂದ ಅಳೆದು ನೋಡಿದಾಗ ಸಭಾಂಗಣದ ತೊಲೆ ಈ ವರ್ಷ ಜರುಗಿಲ್ಲ.