ಗೋಡೆಯಾಚೆಯ ಹಾಲು

ಕಣ್ಣಾರೆ ಕಂಡದ್ದನ್ನು, ಅದೂ ಸಾಧ್ಯವಾದರೆ ತೂಗಿ ನೋಡಿದ್ದನ್ನು ಮಾತ್ರ ನಂಬುವವಳು ನಾನು. ಬೇರೆಯವರು ಇಂಥ ಸಂಗತಿ ಹೇಳಿದಾಗ ನಕ್ಕಿದ್ದೇನೆ. ಈಗ ನೀವು ನಕ್ಕರೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ, ನಾಲಾ ಉಕ್ಕಿ ಮನೆ ಕಳೆದುಕೊಂಡವರನ್ನು ಉಣಕಲ್ಲಿನ ಒಂದು ಶಾಲೆಯಲ್ಲಿ ಇರಿಸಿದ್ದರು. ಅಲ್ಲಿನ ಹಸುಗೂಸುಗಳನ್ನು ದಿನಾ ತೂಗಿ ಬರೆದಿಡುವುದು, ಎದೆಹಾಲು ನಿಲ್ಲಿಸಬೇಡಿರೆಂದು ತಾಯಂದಿರಿಗೆ ಹೇಳುವುದು ನನ್ನ ಕೆಲಸ.

ಗಂಗವ್ವಜ್ಜಿಯ ಮೊಮ್ಮಗ ಎರಡು ತಿಂಗಳಿನವನು. ತಾಯಿ ಜ್ವರದಿಂದ ಆಸ್ಪತ್ರೆ ಸೇರಿದ್ದಳು. ಕುದಿಸಿದ ನೀರಿನಲ್ಲಿ ಪುಡಿ ಹಾಲು ಕಲಸಿ ಬಟ್ಟಲಿನಿಂದ ಕುಡಿಸಿದರೆ ಕೂಸು ಉಗುಳುತ್ತಿತ್ತು. ತೂಕ ಇಳಿಯುತ್ತಲೇ ಇತ್ತು. ಬೇರೆ ತಾಯಿಯ ಹಾಲು ಸಿಕ್ಕರೆ ಕೊಡಿಸಿ ಎಂದಿದ್ದರು ಡಾಕ್ಟರು.

ಪಕ್ಕದ ಕೋಣೆಯ ನಾಗವ್ವನ ಕೂಸು ಅದೇ ವಾರ ಸತ್ತಿತ್ತು. ಯಾರೋ ಹಂಚಿಹೋದ ಹಾಲಿನ ಪುಡಿಯನ್ನು ಹೊಲಸು ನೀರಿನಲ್ಲಿ ಕಲಸಿ ಬಾಟಲಿಯಲ್ಲಿ ಕುಡಿಸಿದ್ದಳು; ಭೇದಿ ನಿಲ್ಲಲಿಲ್ಲ. ಈಗ ಹಾಲು ಕಟ್ಟಿ ಎದೆ ಬಿಗಿದು ಕಲ್ಲಾಗಿ ನರಳುತ್ತಿದ್ದಳು. ಅವಳ ಹಾಲು ಕೊಡಿಸೋಣ ಎಂದೆ.

“ಆಕಿ ಹಾಲು ಕುಡದ ಕೂಸು ಮಣ್ಣಾಗೈತಿ. ನಮ್ಮದನ್ನೂ ಕಳಸ್ತಿಯೇನ ತಂಗಿ?” ಎಂದಳು ಅಜ್ಜಿ. “ದಿನಾ ಜ್ವಾಳಾ ತೂಗಿದಂಗ ತೂಗತಿ. ತೂಗಿದ್ರ ಹೊಟ್ಟಿ ತುಂಬತೈತೇನು?”

ನಾಗವ್ವ ಬಾಗಿಲಲ್ಲೇ ನಿಂತಿದ್ದಳು. “ನನ್ನ ಹಾಲು ಕುಡದು ಸತ್ತಿಲ್ಲ ಬೇ ಯವ್ವಾ, ಬಾಟ್ಲಿದು ಕುಡದು ಸತ್ತೈತಿ.” ಹೆಂಗಸರು ಅವಳನ್ನು ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕಿದರು.

ಆ ಮಧ್ಯಾಹ್ನ ಕೂಸನ್ನು ತೂಗಿ, ಗೋಡೆ ಬದಿಗೆ ಮಲಗಿಸಿ, ಬಟ್ಟಲು ತೊಳೆದು ತಂದೆ. ಅದು ಗೋಡೆಯತ್ತ ತಿರುಗಿ ಚೀಪುತ್ತಿತ್ತು. ಬಾಯಲ್ಲಿ ಏನೂ ಇರಲಿಲ್ಲ. ಆದರೂ ಗುಟುಕು ಇಳಿಯುವುದು ಕೇಳಿಸುತ್ತಿತ್ತು. ತುಟಿಯಂಚಿನಲ್ಲಿ ತೆಳು ಹಾಲು. ಮತ್ತೆ ತೂಗಿದೆ. ಎಂಬತ್ತು ಗ್ರಾಂ ಹೆಚ್ಚು. ಒಂದು ಕಿಲೋ ಉಪ್ಪಿನ ಪೊಟ್ಟಣ ಇಟ್ಟು ನೋಡಿದೆ, ತಕ್ಕಡಿ ಸರಿಯಿತ್ತು.

ಓಡಿ ಹೋಗಿ ಚಿಲಕ ತೆಗೆದೆ. ನಾಗವ್ವ ಅದೇ ಗೋಡೆಗೆ ಒರಗಿ ಕೂತಿದ್ದಳು. “ಅಕ್ಕಾರ, ಈಗ ಎದಿ ಹಗುರ ಆತ್ರಿ,” ಎಂದಳು. ಅವಳ ಸೆರಗು, ಕುಪ್ಪಸ ಎರಡೂ ಒಣಗಿಯೇ ಇದ್ದವು.

ಅಷ್ಟರಲ್ಲಿ ಈಚೆ ಚೀರಾಟ. ಮೊಮ್ಮಗನ ತುಟಿಯ ಮೇಲಿನ ಹಾಲು ಕಂಡ ಅಜ್ಜಿ, ಅದು ನಾಗವ್ವನದೇ ಎಂದು ಕೂಸಿನ ಗಂಟಲಿಗೆ ಬೆರಳು ಹಾಕಿ ಕುಡಿದದ್ದನ್ನೆಲ್ಲ ಕಕ್ಕಿಸುತ್ತಿದ್ದಳು. ನಾನು ಬಿಡಿಸುವಷ್ಟರಲ್ಲಿ ಎಲ್ಲ ನೆಲದ ಮೇಲಿತ್ತು. ಸಂಜೆಯೊಳಗೆ ನಾಗವ್ವನನ್ನು ಆಟೋ ಹತ್ತಿಸಿ ಬೇರೆ ಕಡೆ ಕಳಿಸಿಬಿಟ್ಟರು. ಕೂಸನ್ನು ಆಸ್ಪತ್ರೆಗೆ ಒಯ್ದೆವು. ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಅಜ್ಜಿ ನನ್ನೆದುರು ಕೂತು, “ನಾ ಹೇಳಿದ್ದ ಖರೇ ಆತು ನೋಡವಾ,” ಎಂದಳು. ಆ ಗೋಡೆ ದಾಟಿ ಹಾಲು ಹೇಗೆ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಂದು ನೆಲ ಒರೆಸಿದವಳು ನಾನೇ. ಹಾಲು ಇನ್ನೂ ಬೆಚ್ಚಗಿತ್ತು.